ಬಲಕ್ಕಿಂತ ಅಳತೆ ದೊಡ್ಡದು: ಮನೆಯಲ್ಲಿ ಕಟ್ಟುವ ಸ್ಟೀರಿಯೊ ಕಟಿಂಗ್ ಹೆಡ್

ಗ್ರಾಮಫೋನ್ ತಟ್ಟೆ ನುಡಿಸುವ ಯಂತ್ರವನ್ನು ಮನೆಯಲ್ಲೇ ಕಟ್ಟಿಕೊಂಡ ಹವ್ಯಾಸಿಗಳು ಬೇಕಾದಷ್ಟು ಸಿಗುತ್ತಾರೆ. ತಟ್ಟೆ ಕೊರೆಯುವ ಯಂತ್ರ ಕಟ್ಟಿದವರು ಅಪರೂಪ. ಎಡ-ಬಲ ಎರಡೂ ಚಾನೆಲ್‌ಗಳನ್ನು ಒಂದೇ ಗೀರಿನಲ್ಲಿ ಕೂರಿಸುವ ಸ್ಟೀರಿಯೊ ಕಟಿಂಗ್ ಹೆಡ್ ಮಾಡಿ ದಡ ಸೇರಿದವರಂತೂ ತೀರಾ ಕಡಿಮೆ. ಕಾರಣ ಕೇಳಿದರೆ ಎರಡು ಬಗೆಯ ಉತ್ತರ ಬರುತ್ತದೆ. ‘ಮೈಕ್ರಾನ್ ಲೆಕ್ಕದ ಕೆಲಸ, ದೊಡ್ಡ ಕಾರ್ಖಾನೆಗಳಿಗೇ ಸರಿ, ಮನೆಯಲ್ಲಾಗುವ ಮಾತಲ್ಲ’ ಎನ್ನುವುದು ಒಂದು. ‘ಎರಡು ಪುಟ್ಟ ಸ್ಪೀಕರುಗಳನ್ನು ಓರೆಯಾಗಿ ನಿಲ್ಲಿಸಿ, ಎರಡು ಕಡ್ಡಿ ಅಂಟಿಸಿ, ತುದಿಗೆ ಮುಳ್ಳು ಕಟ್ಟಿದರೆ ಮುಗಿಯಿತು, ಉಳಿದದ್ದನ್ನು ದೊಡ್ಡ ಆಂಪ್ಲಿಫೈಯರ್ ನೋಡಿಕೊಳ್ಳುತ್ತದೆ’ ಎನ್ನುವುದು ಇನ್ನೊಂದು. ಎರಡೂ ದಾರಿ ತಪ್ಪಿಸುವ ಉತ್ತರಗಳೇ. ಮೊದಲನೆಯದು ಕಷ್ಟ ಇಲ್ಲದ ಕಡೆ ಕಷ್ಟವನ್ನು ಕಾಣುತ್ತದೆ; ಎರಡನೆಯದಕ್ಕೆ ಇರುವ ಕಷ್ಟವೇ ಕಾಣುವುದಿಲ್ಲ. ಮುಳ್ಳನ್ನು ಅಲುಗಾಡಿಸುವುದು ಇವತ್ತು ದೊಡ್ಡ ಸಂಗತಿಯಲ್ಲ. ಅದು ನಿಜವಾಗಿ ಹೇಗೆ ಅಲುಗಾಡಿತು ಎಂದು ಅರಿಯುವುದು ಇವತ್ತಿಗೂ ದೊಡ್ಡ ಸಂಗತಿ. ಮನೆಯಲ್ಲಿ ಕಟ್ಟುವವನು ತನ್ನ ಹಣ, ಸಮಯ, ತಾಳ್ಮೆಯ ಬಹುಪಾಲನ್ನು ಬಲಕ್ಕಲ್ಲ, ಅಳತೆಗೆ ಹಾಕಬೇಕು ಎಂಬುದು ಈ ಲೇಖನದ ವಾದ.

ಈಗ ಈ ಪ್ರಶ್ನೆ ಎತ್ತುವುದಕ್ಕೆ ಕಾರಣವಿದೆ. ವಿನೈಲ್ ಮತ್ತೆ ಮಾರಾಟವಾಗುತ್ತಿದೆ, ಆದರೆ ತಟ್ಟೆ ಕೊರೆಯುವ ಸಲಕರಣೆ ಮಾಡುತ್ತಿದ್ದ ದೊಡ್ಡ ಸಂಸ್ಥೆಗಳು ಸಿಡಿ ಬಂದ ಕಾಲಕ್ಕೇ ಆ ಕೆಲಸ ಕೈಬಿಟ್ಟವು. ಜರ್ಮನಿಯ ನ್ಯೂಮನ್ ಕಂಪನಿಯ ಎಸ್ಎಕ್ಸ್-74, ಅಮೆರಿಕದ ವೆಸ್ಟ್ರೆಕ್ಸ್ 3ಡಿ, ಡೆನ್ಮಾರ್ಕಿನ ಆರ್ಟೋಫಾನ್ ಹೆಡ್‌ಗಳು ಒಂದು ಸ್ಟುಡಿಯೊದಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತವೆಯೇ ಹೊರತು ಹೊಸದಾಗಿ ಹುಟ್ಟುವುದಿಲ್ಲ. ಸುಟ್ಟ ಕಾಯಿಲ್ ಬದಲಾಯಿಸಬಲ್ಲ ಕೈಗಳೂ ಕಡಿಮೆ. ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿದ್ದ ಅಪೊಲೊ ಮಾಸ್ಟರ್ಸ್ ಕಾರ್ಖಾನೆ 2020ರ ಫೆಬ್ರವರಿ 6ರಂದು ಸುಟ್ಟು ಹೋದಾಗ, ಗೀರು ಕೊರೆಯಲು ಬೇಕಾದ ಮೆತ್ತನೆಯ ಲ್ಯಾಕರ್ ತಟ್ಟೆಗಾಗಿ ಇಡೀ ಜಗತ್ತು ಜಪಾನಿನ ಒಂದೇ ಒಂದು ಕಾರ್ಖಾನೆಯ ಕಡೆ ನೋಡುವಂತಾಯಿತು. ಇಷ್ಟು ತೆಳುವಾದ ಎಳೆಯ ಮೇಲೆ ನಿಂತ ಕಸುಬಿನಲ್ಲಿ ಹೆಡ್ ಮಾಡುವ ವಿದ್ಯೆ ಕೆಲವರಲ್ಲಾದರೂ ಉಳಿಯುವುದು ಒಳ್ಳೆಯದು. ಅದು ಬರೀ ಶೋಕಿಯ ಮಾತಲ್ಲ.

ಮೊದಲು ಗಾತ್ರದ ಅಂದಾಜು. ಎಲ್‌ಪಿ ತಟ್ಟೆಯ ಗೀರು ಇಂಗ್ಲಿಷಿನ ವಿ ಅಕ್ಷರದಂತೆ, ಎರಡು ಗೋಡೆಗಳ ನಡುವೆ 90 ಡಿಗ್ರಿ ಕೋನದಲ್ಲಿರುತ್ತದೆ. ಮೇಲ್ಭಾಗದ ಅಗಲ ಸುಮಾರು 50 ಮೈಕ್ರಾನ್ ಎಂದರೆ ಆಳ ಅದರರ್ಧ, 25 ಮೈಕ್ರಾನ್. 1 ಕಿಲೊಹರ್ಟ್ಸ್ ಸ್ವರವನ್ನು ಸೆಕೆಂಡಿಗೆ 5 ಸೆಂಟಿಮೀಟರ್ ವೇಗದಲ್ಲಿ ಕೊರೆದಾಗ ಮುಳ್ಳು ಅತ್ತ 8, ಇತ್ತ 8 ಮೈಕ್ರಾನ್ ಸರಿಯುತ್ತದೆ. 10 ಕಿಲೊಹರ್ಟ್ಸಿನ ಜೋರು ಸಕಾರವನ್ನೋ ತಾಳದ ಕಿಣಿಯನ್ನೋ 10 ಸೆಂಟಿಮೀಟರ್ ವೇಗದಲ್ಲಿ ಕೊರೆದರೆ ಸರಿತ ಬರೀ 1.6 ಮೈಕ್ರಾನ್. ಇದನ್ನು ಕೇಳಿದವರು ಹೆದರುವುದು ಸಹಜ. ಆದರೆ ಮೈಕ್ರಾನ್ ಇಲ್ಲಿ ಯಂತ್ರ ತಯಾರಿಕೆಯ ಅಳತೆಯಲ್ಲ, ಚಲನೆಯ ಅಳತೆ. ಸ್ಪೀಕರಿನ ಕಾಯಿಲ್ ಕೂಡ ತಾರಸ್ಥಾಯಿಯಲ್ಲಿ ಅಷ್ಟೇ ಸರಿಯುತ್ತದೆ, ಅದಕ್ಕಾಗಿ ಸ್ಪೀಕರ್ ಕಾರ್ಖಾನೆಯವರು ಯಾರೂ ಭಾಗಗಳನ್ನು ಮೈಕ್ರಾನಿಗೆ ತಿರುವುವುದಿಲ್ಲ. ನಿಜವಾದ ಬೇಡಿಕೆ ವೇಗೋತ್ಕರ್ಷದಲ್ಲಿದೆ: ಆ 1.6 ಮೈಕ್ರಾನ್ ಸರಿತದ ತುದಿಯಲ್ಲಿ ಮುಳ್ಳು ಅನುಭವಿಸುವುದು ಗುರುತ್ವದ 640 ಪಟ್ಟು.

ಚರಿತ್ರೆ ನೋಡಿದರೆ ನನ್ನ ವಾದಕ್ಕೆ ಗಟ್ಟಿ ಆಧಾರ ಸಿಗುತ್ತದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದಾಗ ಮೇಣದ ತಟ್ಟೆ ಕೊರೆಯಲು ವಿದ್ಯುತ್ತೇ ಇರಲಿಲ್ಲ. ಕಹಳೆಯೊಳಗೆ ಹೊಕ್ಕ ಉಸಿರಿನ ಬಲವೇ ಮುಳ್ಳನ್ನು ತಳ್ಳುತ್ತಿತ್ತು. 1925ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದ ಮ್ಯಾಕ್ಸ್‌ಫೀಲ್ಡ್ ಮತ್ತು ಹ್ಯಾರಿಸನ್ ವಿದ್ಯುತ್ ಹೆಡ್ ತಂದಾಗ ಬಲದ ಕೊರತೆ ನೀಗಿತು. ಅಲ್ಲಿಂದ ಮುಂದೆ ಕಾಡಿದ್ದು ಅನುರಣನ. ಯಾವುದೇ ತೂಕವನ್ನು ಸ್ಪ್ರಿಂಗಿಗೆ ಕಟ್ಟಿದರೆ ಅದಕ್ಕೊಂದು ತನ್ನದೇ ಸ್ವರ ಬರುತ್ತದೆ. ಆ ಸ್ವರ ಬಂದಾಗಲೆಲ್ಲ ಮುಳ್ಳು ಹುಚ್ಚೆದ್ದು ಕುಣಿಯುತ್ತದೆ. ಅದನ್ನು ತಣಿಸಲು ಅವರು ಉದ್ದನೆಯ ರಬ್ಬರ್ ದಂಡವೊಂದನ್ನು ಹೆಡ್ಡಿಗೆ ಜೋಡಿಸಿದರು; ಹೆಚ್ಚಾದ ಕಂಪನವೆಲ್ಲ ಆ ರಬ್ಬರಿನಲ್ಲಿ ಇಂಗಿಹೋಗಬೇಕಿತ್ತು. ಇಂಗ್ಲೆಂಡಿನ ಅಲನ್ ಬ್ಲಮ್‌ಲೀನ್ 1929ರಲ್ಲಿ ಕೊಲಂಬಿಯಾ ಕಂಪನಿಗೆ ಸೇರಿದಾಗ ಅವನಿಗೆ ವಹಿಸಿದ ಕೆಲಸವೂ ಇದೇ: ಅಮೆರಿಕದವರಿಗೆ ರಾಯಧನ ಕೊಡಬೇಕಾಗದಂಥ ಹೊಸ ಹೆಡ್ ಮಾಡು. ಅವನು ಚಲಿಸುವ ಕಾಯಿಲ್ ಬಳಸಿ, ಅನುರಣನವನ್ನು ವಿದ್ಯುತ್ಕಾಂತದಿಂದಲೇ ತಣಿಸಿದ. 1931ರ ಡಿಸೆಂಬರ್ 14ರಂದು ಅವನು ಸಲ್ಲಿಸಿದ ಸ್ಟೀರಿಯೊ ಪೇಟೆಂಟ್ ಅರ್ಜಿಯಲ್ಲಿ ಗೀರಿನ ಒಂದೊಂದು ಗೋಡೆಗೆ ಒಂದೊಂದು ಚಾನೆಲ್ ಎಂಬ 45/45 ಏರ್ಪಾಡೂ ಇತ್ತು. 1934ರಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೊದಲ್ಲಿ ವಾದ್ಯವೃಂದ ನಿರ್ದೇಶಕ ಬೀಚಮ್ ನಡೆಸಿದ ಮೊಜಾರ್ಟ್ ಅಭ್ಯಾಸವನ್ನು ಸ್ಟೀರಿಯೊದಲ್ಲಿ ಕೊರೆದದ್ದೂ ಆಯಿತು. ಆದರೂ ಅಂಗಡಿಗೆ ಸ್ಟೀರಿಯೊ ತಟ್ಟೆ ಬರಲು 1957-58 ಆಗಬೇಕಾಯಿತು. ನಡುವಿನ ಕಾಲು ಶತಮಾನದ ವಿಳಂಬಕ್ಕೆ ಆರ್ಥಿಕ ಕುಸಿತ, ಯುದ್ಧ, ಮಾರುಕಟ್ಟೆ ಎಲ್ಲವೂ ಕಾರಣ. ಆದರೆ 1957ರ ವೆಸ್ಟ್ರೆಕ್ಸ್ ಹೆಡ್ ಒಳಗೆ ಬ್ಲಮ್‌ಲೀನನ ಹೆಡ್ಡಿನಲ್ಲಿ ಇರದ ಒಂದು ವಸ್ತು ಇತ್ತೆಂಬುದನ್ನು ಮರೆಯುವಂತಿಲ್ಲ.

ಆ ವಸ್ತು ಫೀಡ್‌ಬ್ಯಾಕ್ ಕಾಯಿಲ್. 1927ರಲ್ಲಿ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಟೆಲಿಫೋನ್ ಆಂಪ್ಲಿಫೈಯರುಗಳ ಅಪಸ್ವರ ತಗ್ಗಿಸಲು ಕಂಡುಕೊಂಡ ಋಣ ಫೀಡ್‌ಬ್ಯಾಕ್ ತತ್ತ್ವವನ್ನು ಮೂವತ್ತರ ದಶಕದ ಕೊನೆಯ ಹೊತ್ತಿಗೆ ಅದೇ ಸಂಸ್ಥೆಯವರು ಕೊರೆಯುವ ಹೆಡ್ಡಿಗೂ ತಂದರು. ತಳ್ಳುವ ಕಾಯಿಲ್ ಇರುವ ಕಡ್ಡಿಯ ಮೇಲೆಯೇ ಇನ್ನೊಂದು ಪುಟ್ಟ ಕಾಯಿಲ್; ಅದೂ ಒಂದು ಅಯಸ್ಕಾಂತದ ಸಂದಿಯಲ್ಲಿ ಆಡುತ್ತದೆ. ಮುಳ್ಳು ಎಷ್ಟು ವೇಗವಾಗಿ ಚಲಿಸುತ್ತಿದೆಯೋ ಅಷ್ಟು ವೋಲ್ಟೇಜ್ ಅದರಲ್ಲಿ ಹುಟ್ಟುತ್ತದೆ. ಆ ವೋಲ್ಟೇಜನ್ನು ಮೂಲ ಸಂಗೀತದೊಂದಿಗೆ ಹೋಲಿಸಿ, ವ್ಯತ್ಯಾಸ ಕಂಡರೆ ಆಂಪ್ಲಿಫೈಯರ್ ಆ ಕ್ಷಣವೇ ತಿದ್ದಿಕೊಳ್ಳುತ್ತದೆ. ತನ್ನ ಶ್ರುತಿ ಪೆಟ್ಟಿಗೆ ತನಗೇ ಕೇಳಿಸದ ಗಾಯಕನಿಗೂ ಕೇಳಿಸುವವನಿಗೂ ಇರುವ ವ್ಯತ್ಯಾಸ ಇದು. ವೆಸ್ಟ್ರೆಕ್ಸ್ ಇರಲಿ, ನ್ಯೂಮನ್ ಇರಲಿ, ಹೆಸರು ಮಾಡಿದ ಸ್ಟೀರಿಯೊ ಹೆಡ್‌ಗಳು ನೆಚ್ಚಿಕೊಂಡಿದ್ದು ಇದನ್ನೇ.

ಇಲ್ಲಿ ಒಬ್ಬರು ಆಕ್ಷೇಪ ಎತ್ತಬಹುದು: ಫೀಡ್‌ಬ್ಯಾಕ್ ಗೀಡ್‌ಬ್ಯಾಕ್ ಏನೂ ಇಲ್ಲದೆ ಜನ ಮನೆಯಲ್ಲಿ ತಟ್ಟೆ ಕೊರೆದಿಲ್ಲವೇ? ಕೊರೆದಿದ್ದಾರೆ, ಅದರದ್ದು ದೊಡ್ಡ ಕತೆ. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ರುಸ್ಲಾನ್ ಬೊಗೊಸ್ಲೊವ್‌ಸ್ಕಿ ಎಂಬ ಯುವಕ ಜರ್ಮನ್ ಟೆಲಿಫಂಕನ್ ಕೊರೆಯಂತ್ರವೊಂದನ್ನು ನೋಡಿ ಅದರ ಪಡಿಯಚ್ಚನ್ನು ತಾನೇ ಕಟ್ಟಿದ. ಆಸ್ಪತ್ರೆಗಳು ಬಿಸಾಡಿದ ಎಕ್ಸ್-ರೇ ಹಾಳೆಗಳನ್ನು ದುಂಡಗೆ ಕತ್ತರಿಸಿ, ಪಕ್ಕೆಲುಬಿನ ಚಿತ್ರದ ಮೇಲೆಯೇ ಸರ್ಕಾರ ಒಪ್ಪದ ಸಂಗೀತವನ್ನು ಕೊರೆದು ಗೆಳೆಯರೊಂದಿಗೆ ಮಾರಿದ, ಅದಕ್ಕಾಗಿ ಜೈಲು ಕಂಡ. ನ್ಯೂಜಿಲೆಂಡಿನ ಪೀಟರ್ ಕಿಂಗ್ ಹಳೆಯ ಕೊರೆಯಂತ್ರ ಇಟ್ಟುಕೊಂಡು ಪಾಲಿಕಾರ್ಬನೇಟ್ ತಟ್ಟೆಗಳ ಮೇಲೆ ಜಗತ್ತಿನ ನಾನಾ ಕಡೆಯ ಸಣ್ಣ ತಂಡಗಳಿಗೆ ಕೊರೆದು ಕೊಟ್ಟ. ಈ ಪರಂಪರೆಯನ್ನು ಕಡೆಗಣಿಸುವವನು ನಾನಲ್ಲ. ಆದರೆ ಎಕ್ಸ್-ರೇ ಹಾಳೆಯ ಮೇಲಿನದು ಮಾನೊ. ಅಲ್ಲಿ ಮುಳ್ಳು ಅಡ್ಡಕ್ಕೆ ಮಾತ್ರ ಆಡುತ್ತದೆ, ಗೀರಿನ ಆಳ ಬದಲಾಗುವುದಿಲ್ಲ, ಒಂದೇ ಚಾನೆಲ್ ಆದ್ದರಿಂದ ಒಂದು ಇನ್ನೊಂದಕ್ಕೆ ಸೋರುವ ಪ್ರಶ್ನೆಯೇ ಇಲ್ಲ. ಕೇಳುವವರಿಗೂ ಹಾಡು ಗುರುತು ಸಿಕ್ಕರೆ ಸಾಕಿತ್ತು. ಸ್ಟೀರಿಯೊಗೆ ಬಂದ ಕೂಡಲೇ ಕೆಲಸದ ಸ್ವರೂಪವೇ ಬೇರೆಯಾಗುತ್ತದೆ.

ಎರಡೂ ಚಾನೆಲ್ ಒಂದೇ ಸಮನಾಗಿದ್ದಾಗ ಮುಳ್ಳು ಅಡ್ಡಕ್ಕೆ ಆಡಬೇಕು, ವಿರುದ್ಧವಾಗಿದ್ದಾಗ ಮೇಲೆ-ಕೆಳಗೆ ಆಡಬೇಕು. ಒಂದೇ ಚಾನೆಲ್ ಇದ್ದರೆ 45 ಡಿಗ್ರಿ ಓರೆಗೆ. ಮೇಲೆ-ಕೆಳಗಿನ ಆಟವೇ ಅಪಾಯಕಾರಿ. 100 ಹರ್ಟ್ಸಿನ ಮಂದ್ರಸ್ವರ ಎರಡು ಚಾನೆಲ್‌ಗಳಲ್ಲಿ ವಿರುದ್ಧವಾಗಿ ಬಂತೆನ್ನಿ. ಕೊರೆಯುವಾಗ ಮಂದ್ರ ತಗ್ಗಿಸಿ ತಾರ ಏರಿಸುವ ನಿಗದಿತ ತಿದ್ದುಗೆಯಾದ ಆರ್‌ಐಎಎ ವಕ್ರರೇಖೆ ಮಂದ್ರವನ್ನು 13 ಡೆಸಿಬೆಲ್ ತಗ್ಗಿಸಿದ ಮೇಲೂ ಸರಿತ ಸುಮಾರು 18 ಮೈಕ್ರಾನ್ ಉಳಿಯುತ್ತದೆ. ಗೀರಿನ ಒಟ್ಟು ಆಳವೇ 25 ಮೈಕ್ರಾನ್ ಇರುವಾಗ ಮುಳ್ಳು ತಟ್ಟೆ ಬಿಟ್ಟು ಮೇಲೇಳಲು ಸ್ವಲ್ಪವೇ ಬಾಕಿ. ಸ್ಟುಡಿಯೊಗಳಲ್ಲಿ ಮಂದ್ರವನ್ನು ಎರಡೂ ಚಾನೆಲ್‌ಗೆ ಸಮನಾಗಿ ಹಂಚಿಬಿಡುವುದು ಇದಕ್ಕೇ. ಮನೆಯವರೂ ಅದನ್ನೇ ಮಾಡಬೇಕು, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಕಂಪ್ಯೂಟರಿನಲ್ಲಿ ಒಂದು ನಿಮಿಷದ ಕೆಲಸ.

ಇನ್ನು ಕೋನ. ಎರಡು ಕಡ್ಡಿಗಳ ನಡುವೆ ಕರಾರುವಾಕ್ಕಾಗಿ 90 ಡಿಗ್ರಿ ಬಾರದಿದ್ದರೆ ಕತೆ ಮುಗಿಯಿತು ಎಂಬ ಭಯ ಹವ್ಯಾಸಿಗಳಲ್ಲಿದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಒಂದು ಡಿಗ್ರಿ ತಪ್ಪಿದರೆ ಒಂದು ಚಾನೆಲ್ ಇನ್ನೊಂದರೊಳಗೆ ಸೋರುವುದು 35 ಡೆಸಿಬೆಲ್ ಕೆಳಗೆ. ಎರಡು ಡಿಗ್ರಿ ತಪ್ಪಿದರೂ 29. ತಟ್ಟೆ ನುಡಿಸುವ ಒಳ್ಳೆಯ ಕಾರ್ಟ್ರಿಜ್ಜಿನ ಸೋರಿಕೆಯೇ 25ರಿಂದ 30 ಡೆಸಿಬೆಲ್ ಕೆಳಗಿರುತ್ತದೆ. ಒಂದು ಡಿಗ್ರಿಯ ನಿಖರತೆ ಬೆಂಗಳೂರಿನ ಪೀಣ್ಯದ ಯಾವ ಸಣ್ಣ ವರ್ಕ್‌ಶಾಪಿಗೂ ಕಷ್ಟವಲ್ಲ. 45/45 ಬದಲು, ಅಡ್ಡಕ್ಕೊಂದು ಮೇಲೆ-ಕೆಳಗೊಂದು ಕಾಯಿಲ್ ಇಟ್ಟು, ಮೊತ್ತ-ವ್ಯತ್ಯಾಸಗಳನ್ನು ವಿದ್ಯುತ್ತಿನಲ್ಲೇ ಮಾಡಿಕೊಂಡರೆ ಕಟ್ಟುವುದು ಸುಲಭವಲ್ಲವೇ ಎಂದು ಕೇಳುವವರೂ ಇದ್ದಾರೆ. ನೋಡಲು ಸುಲಭ. ಆದರೆ ಆ ಎರಡು ಕಾಯಿಲ್‌ಗಳ ಬಲದಲ್ಲಿ ಒಂದೇ ಡೆಸಿಬೆಲ್ ವ್ಯತ್ಯಾಸವಾದರೂ ಸೋರಿಕೆ 25 ಡೆಸಿಬೆಲ್‌ಗೆ ಏರುತ್ತದೆ, ಮತ್ತು ಆ ವ್ಯತ್ಯಾಸ ಒಂದೊಂದು ಆವೃತ್ತಿಗೆ ಒಂದೊಂದು ಥರ. 45/45ರಲ್ಲಿ ಅದೇ ಒಂದು ಡೆಸಿಬೆಲ್ ಬರೀ ಎಡ-ಬಲದ ತೂಕದ ಹೆಚ್ಚುಕಡಿಮೆ, ಗುಬಟು ತಿರುಗಿಸಿದರೆ ಸರಿಹೋಗುತ್ತದೆ. ತಪ್ಪುಗಳು ತಪ್ಪಿಸಲಾಗದ ಕಡೆ ತಪ್ಪನ್ನು ಕ್ಷಮಿಸುವ ವಿನ್ಯಾಸವೇ ಜಾಣತನ.

ಜೋಡಣೆಯಲ್ಲಿ ಕಣ್ಣಿಡಬೇಕಾದ ಜಾಗ ಕಡ್ಡಿಯೇ. ಪ್ರತಿ ಕಡ್ಡಿ ಉದ್ದಕ್ಕೆ ಬಗ್ಗದೆ ತಳ್ಳಬೇಕು, ಅಡ್ಡಕ್ಕೆ ಸಲೀಸಾಗಿ ಬಾಗಬೇಕು. ಇಲ್ಲದಿದ್ದರೆ ಎಡ ಕಾಯಿಲ್ ತಳ್ಳಿದಾಗ ಬಲ ಕಾಯಿಲನ್ನೂ ಎಳೆದುಕೊಂಡು ಹೋಗುತ್ತದೆ. ಮುಳ್ಳು ಹಿಡಿದ ತುಂಡು ಎರಡು ದಿಕ್ಕಿನಲ್ಲಿ ಸಡಿಲ ಇರಬೇಕು, ಮೂರನೆಯ ದಿಕ್ಕಿನಲ್ಲಿ, ಅಂದರೆ ಗೀರು ಓಡುವ ದಿಕ್ಕಿನಲ್ಲಿ, ಕಲ್ಲಿನಂತೆ ಗಟ್ಟಿ ಇರಬೇಕು. ಕೊರೆತದ ಎಳೆತವೆಲ್ಲ ಬೀಳುವುದು ಆ ದಿಕ್ಕಿನಲ್ಲೇ. ಸ್ಪೀಕರಿನ ಕಾಗದದ ಶಂಕುವನ್ನು ಹಾಗೇ ಬಿಟ್ಟು ಕಡ್ಡಿ ಅಂಟಿಸಿದ ಹೆಡ್‌ಗಳು ಸೋಲುವುದು ಬಹುಮಟ್ಟಿಗೆ ಇಲ್ಲಿ. ಅಂಟಿನ ಒಂದು ಹನಿ ಹೆಚ್ಚಾದರೂ ತೂಕ ಏರುತ್ತದೆ. ತೂಕ ಏರಿದರೆ ತಾರಸ್ವರ ಇಳಿಯುತ್ತದೆ.

ಈಗ ಬಲದ ಲೆಕ್ಕಕ್ಕೆ ಬರೋಣ, ಏಕೆಂದರೆ ಹವ್ಯಾಸಿಗಳ ಮಾತುಕತೆಯೆಲ್ಲ ಸುತ್ತುವುದು ವ್ಯಾಟ್‌ಗಳ ಸುತ್ತ. ಆಡುವ ಭಾಗಗಳ ತೂಕ 2 ಗ್ರಾಂ ಎಂದಿಟ್ಟುಕೊಳ್ಳಿ. ಗುರುತ್ವದ 640 ಪಟ್ಟು ವೇಗೋತ್ಕರ್ಷಕ್ಕೆ ಸುಮಾರು 12.5 ನ್ಯೂಟನ್ ಬಲ ಬೇಕು. ಸಂದಿಯಲ್ಲಿ 1 ಟೆಸ್ಲಾ ಅಯಸ್ಕಾಂತ ಕ್ಷೇತ್ರ, ಅದರೊಳಗೆ 3 ಮೀಟರ್ ತಂತಿ ಇದ್ದರೆ 4 ಆಂಪಿಯರಿಗೂ ಮಿಕ್ಕಿ ಕರೆಂಟ್. ಕಾಯಿಲಿನ ರೋಧ 4 ಓಮ್ ಆದರೆ ತುದಿಯ ಕ್ಷಣದಲ್ಲಿ 70 ವ್ಯಾಟ್ ಶಾಖ, ಬೆರಳುಗುರಿನ ಗಾತ್ರದ ಕಾಯಿಲಿನಲ್ಲಿ. ಇನ್ನೊಂದು ರೀತಿ ನೋಡಿ. ಹೆಡ್ಡಿನ ಅನುರಣನ 1 ಕಿಲೊಹರ್ಟ್ಸ್ ಬಳಿ ಇದ್ದರೆ ಅದರ ಮೇಲೆ ಆವೃತ್ತಿ ಇಮ್ಮಡಿಯಾದಂತೆಲ್ಲ ವೇಗ ಅರ್ಧಕ್ಕೆ ಇಳಿಯುತ್ತದೆ. 10 ಕಿಲೊಹರ್ಟ್ಸಿನಲ್ಲಿ 20 ಡೆಸಿಬೆಲ್ ನಷ್ಟ. ಅದರ ಮೇಲೆ ಆರ್‌ಐಎಎ ಅಲ್ಲಿ ಇನ್ನೂ 13.7 ಡೆಸಿಬೆಲ್ ಹೆಚ್ಚು ಕೇಳುತ್ತದೆ. ಎರಡೂ ಕೂಡಿ 34 ಡೆಸಿಬೆಲ್ ಸಮೀಪ, ಅಂದರೆ ಹತ್ತಿರ ಹತ್ತಿರ 50 ಪಟ್ಟು ಕರೆಂಟ್. ಮಂದ್ರದ ಕಡೆ ಹೀಗಿಲ್ಲ: ಅಲ್ಲಿ ಹೆಡ್ ತಾನಾಗಿ ಇಳಿಯುವುದೂ ಆರ್‌ಐಎಎ ಇಳಿಸು ಎನ್ನುವುದೂ ಒಂದೇ ದಿಕ್ಕು. ಹೀಗಾಗಿ ಕಾಯಿಲ್ ಸುಡುವುದು ತಬಲಾದ ಬಾಯಾಂನಿಂದಲ್ಲ, ತಾಳದ ಕಿಣಿಯಿಂದ. ನ್ಯೂಮನ್ನಿನವರು ಹೆಡ್ಡಿನೊಳಗೆ ಹೀಲಿಯಂ ಅನಿಲ ಊದಿ ಕಾಯಿಲ್ ತಂಪು ಮಾಡಿದ್ದು ಇದಕ್ಕೆ; ಹೀಲಿಯಂ ಗಾಳಿಗಿಂತ ಸುಮಾರು ಆರು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ.

ಹಾಗಾದರೆ ಬಲವೇ ಮುಖ್ಯವಾಯಿತಲ್ಲ ಎನ್ನಬಹುದು. ಆಗಲಿಲ್ಲ, ಏಕೆಂದರೆ ಈ ಕಷ್ಟಕ್ಕೆ ಬಲವಿಲ್ಲದ ಪರಿಹಾರವಿದೆ: ಅರ್ಧ ವೇಗ. ತಟ್ಟೆಯನ್ನು ನಿಮಿಷಕ್ಕೆ 33⅓ ಬದಲು 16⅔ ಸುತ್ತು ತಿರುಗಿಸಿ, ಸಂಗೀತವನ್ನೂ ಅರ್ಧ ವೇಗದಲ್ಲಿ ಹರಿಸಿದರೆ ಮೂಡುವ ಗೀರು ಅದೇ. ಆದರೆ ಮುಳ್ಳಿನ ವೇಗ ಅರ್ಧ, ವೇಗೋತ್ಕರ್ಷ ಕಾಲುಭಾಗ. ತಾರಸ್ಥಾಯಿಗೆ ಬೇಕಾದ ಕರೆಂಟ್ ಕಾಲುಭಾಗವಾದರೆ ಶಾಖ ಹದಿನಾರರಲ್ಲಿ ಒಂದು ಪಾಲು. ಮೇಲಿನ 70 ವ್ಯಾಟ್ ನಾಲ್ಕೂವರೆಗೆ ಇಳಿಯಿತು; ಹೀಲಿಯಂ ಬೇಡ, ನೂರಾರು ವ್ಯಾಟಿನ ಆಂಪ್ಲಿಫೈಯರ್ ಬೇಡ. ಜೊತೆಗೆ ಹೆಡ್ 20 ಕಿಲೊಹರ್ಟ್ಸ್ ಮುಟ್ಟಬೇಕಿಲ್ಲ, 10 ಮುಟ್ಟಿದರೆ ಸಾಕು. ಕಡ್ಡಿಗಳು ತಾವೇ ನಡುಗಲು ಶುರುಮಾಡುವ ಮೇಲಿನ ಆವೃತ್ತಿಗಳು ಆಟದಿಂದ ಹೊರಗುಳಿಯುತ್ತವೆ. ಇದೇನು ಬಡವರ ಉಪಾಯವಲ್ಲ. 1970ರ ದಶಕದಲ್ಲಿ ನಾಲ್ಕು ಚಾನೆಲ್‌ಗಳ ಸಿಡಿ-4 ತಟ್ಟೆಗಳನ್ನು ನಿಧಾನ ವೇಗದಲ್ಲೇ ಕೊರೆದರು, ಮೊಬೈಲ್ ಫಿಡೆಲಿಟಿ ಸಂಸ್ಥೆ ಅರ್ಧ ವೇಗದ ಕೊರೆತವನ್ನೇ ತನ್ನ ಹೆಗ್ಗಳಿಕೆ ಮಾಡಿಕೊಂಡಿತು. ಅಂದು ಅದಕ್ಕೆ ಟೇಪ್ ಯಂತ್ರ, ತಿದ್ದುಗೆಯ ವಿದ್ಯುನ್ಮಂಡಲ ಎಲ್ಲವನ್ನೂ ಬದಲಾಯಿಸಬೇಕಿತ್ತು. ಇಂದು ಆರ್‌ಐಎಎ ತಿದ್ದುಗೆಯನ್ನು ಕಂಪ್ಯೂಟರಿನಲ್ಲಿ ಮೊದಲೇ ಹಾಕಿ ಕಡತವನ್ನು ಅರ್ಧ ವೇಗದಲ್ಲಿ ಓಡಿಸಿದರೆ ಮುಗಿಯಿತು. ಬೆಲೆ ತೆರಬೇಕಾದದ್ದು ಎರಡು ಕಡೆ: ಇಪ್ಪತ್ತು ನಿಮಿಷದ ಬದಿಗೆ ನಲವತ್ತು ನಿಮಿಷ ಕಾಯಬೇಕು, 40 ಹರ್ಟ್ಸ್ 20ಕ್ಕೆ ಇಳಿಯುವುದರಿಂದ ತಿರುಗುಮೇಜಿನ ಗೊರಗೊರ ಸದ್ದು ಕೊರೆತದೊಳಗೆ ನುಸುಳದಂತೆ ನೋಡಿಕೊಳ್ಳಬೇಕು. ನನ್ನ ಮಟ್ಟಿಗೆ ಇದು ಅಗ್ಗದ ಬೆಲೆ. ಅಯಸ್ಕಾಂತದ ವಿಷಯದಲ್ಲಂತೂ ಇಂದಿನ ಹವ್ಯಾಸಿ 1957ರ ವೆಸ್ಟ್ರೆಕ್ಸಿಗಿಂತ ಶ್ರೀಮಂತ: ಎಂಬತ್ತರ ದಶಕದಲ್ಲಿ ಬಂದ ನಿಯೋಡಿಮಿಯಂ ಅಯಸ್ಕಾಂತ ಅವರ ಕೈಯಲ್ಲಿರಲಿಲ್ಲ.

ಬಲದ ಸಮಸ್ಯೆ ಹೀಗೆ ಕರಗಿದರೆ ಉಳಿಯುವುದು ಅಳತೆ. ಇಲ್ಲಿ ಗಟ್ಟಿ ಆಕ್ಷೇಪವೊಂದಿದೆ, ಅದಕ್ಕೆ ಮರ್ಯಾದೆ ಕೊಡಲೇಬೇಕು. ಫೀಡ್‌ಬ್ಯಾಕ್ ಕಾಯಿಲ್ ಬಂದದ್ದು ಕಂಪ್ಯೂಟರ್ ಇಲ್ಲದ ಕಾಲದಲ್ಲಿ; ಈಗ ಹೆಡ್ಡಿನ ಪ್ರತಿಕ್ರಿಯೆ ಒಮ್ಮೆ ಅಳೆದು, ಅದಕ್ಕೆ ತದ್ವಿರುದ್ಧವಾದ ತಿದ್ದುಗೆಯನ್ನು ಸಂಗೀತಕ್ಕೆ ಮೊದಲೇ ಹಾಕಿದರೆ ಆಯಿತಲ್ಲ? ಅರ್ಧ ನಿಜ. ತಣಿಸದ ಹೆಡ್ಡಿನ ಅನುರಣನ ಬಲು ಚೂಪು. 1000 ಹರ್ಟ್ಸಿನಲ್ಲಿದ್ದ ಅನುರಣನದ ಚೂಪು ಹೇಳುವ ಗುಣಾಂಕ (ಕ್ಯೂ) 20 ಎನ್ನಿ. ಖಾಲಿ ಗಾಳಿಯಲ್ಲಿ ಅಳೆದು ತಿದ್ದುಗೆ ಸಿದ್ಧಮಾಡಿದಿರಿ. ಮುಳ್ಳು ಲ್ಯಾಕರಿಗೆ ಇಳಿದೊಡನೆ, ಅಥವಾ ಕಾಯಿಲ್ ಬಿಸಿಯಾದೊಡನೆ, ಅನುರಣನ 950ಕ್ಕೆ ಸರಿಯಿತು. ಆಗ 1000ದಲ್ಲಿ 7 ಡೆಸಿಬೆಲ್ ಹಳ್ಳ, 950ರಲ್ಲಿ 7 ಡೆಸಿಬೆಲ್ ದಿಬ್ಬ. ಗಾಯಕಿಯ ದನಿ ಓಡಾಡುವ ಜಾಗದಲ್ಲಿ 14 ಡೆಸಿಬೆಲ್ ಏರಿಳಿತ ಎಂದರೆ ತಿದ್ದುಗೆ ಇಲ್ಲದಿದ್ದರೇ ವಾಸಿ. ತಾಮ್ರದ ರೋಧ ಡಿಗ್ರಿಗೆ ಶೇ. 0.39ರಂತೆ ಏರುತ್ತದೆ, ಕಾಯಿಲ್ 100 ಡಿಗ್ರಿ ಬಿಸಿಯಾದರೆ ಜೋರು ಭಾಗಗಳು 3 ಡೆಸಿಬೆಲ್ ಮೆತ್ತಗಾಗುತ್ತವೆ. ಒಮ್ಮೆ ಅಳೆದು ಸುಮ್ಮನಾದ ಕಂಪ್ಯೂಟರಿಗೆ ಇದ್ಯಾವುದೂ ಗೊತ್ತಾಗದು. ಆದರೆ ಅದೇ ಹೆಡ್ಡನ್ನು ರಬ್ಬರಿನಿಂದಲೋ ಸಿಲಿಕೋನ್ ಜಿಡ್ಡಿನಿಂದಲೋ ತಣಿಸಿ ಗುಣಾಂಕವನ್ನು 2ಕ್ಕೆ ಇಳಿಸಿದರೆ, ಅದೇ 50 ಹರ್ಟ್ಸ್ ಸರಿತದ ತಪ್ಪು ಡೆಸಿಬೆಲ್ಲಿನ ಐದನೆಯ ಒಂದು ಪಾಲೂ ಆಗುವುದಿಲ್ಲ. ಆದ್ದರಿಂದ ನನ್ನ ತೀರ್ಮಾನ ಹೀಗೆ: ಫೀಡ್‌ಬ್ಯಾಕ್ ಮೊದಲ ದರ್ಜೆ, ಚೆನ್ನಾಗಿ ತಣಿಸಿದ ಹೆಡ್ಡಿಗೆ ಕಂಪ್ಯೂಟರ್ ತಿದ್ದುಗೆ ಎರಡನೆಯ ದರ್ಜೆ, ಆದರೆ ಗೌರವದ ದರ್ಜೆ, ತಣಿಸದ ಹೆಡ್ಡಿಗೆ ಬರೀ ತಿದ್ದುಗೆ ಎನ್ನುವುದು ಕಣ್ಣಿಗೆ ಬಟ್ಟೆ.

ಫೀಡ್‌ಬ್ಯಾಕ್ ಕಟ್ಟುವವನಿಗೆ ನಿಸರ್ಗವೇ ಒಂದು ಅನುಕೂಲ ಮಾಡಿಕೊಟ್ಟಿದೆ. ಒಂದೇ ಅನುರಣನವಿರುವ ವ್ಯವಸ್ಥೆಯಲ್ಲಿ ವೇಗದ ಹಂತ (ಫೇಸ್) ಬಲಕ್ಕಿಂತ 90 ಡಿಗ್ರಿ ಮುಂದಿನಿಂದ 90 ಡಿಗ್ರಿ ಹಿಂದಿನವರೆಗೆ ಮಾತ್ರ ತಿರುಗುತ್ತದೆ, 180 ಮುಟ್ಟುವುದಿಲ್ಲ. ಹಾಗಾಗಿ ತಾನಾಗಿ ಊಳಿಡುವ ಅಪಾಯ ತಾತ್ತ್ವಿಕವಾಗಿ ಇಲ್ಲ. ಅಪಾಯ ಹುಟ್ಟುವುದು ಬೇರೆ ಕಡೆಯಿಂದ. ತಳ್ಳುವ ಕಾಯಿಲಿನ ಕರೆಂಟ್ ಪಕ್ಕದ ಫೀಡ್‌ಬ್ಯಾಕ್ ಕಾಯಿಲಿನಲ್ಲಿ ನೇರವಾಗಿ, ಟ್ರಾನ್ಸ್‌ಫಾರ್ಮರಿನಂತೆ, ವೋಲ್ಟೇಜ್ ಹುಟ್ಟಿಸುತ್ತದೆ. ಅದು ಚಲನೆಯ ಸುದ್ದಿಯಲ್ಲ, ಸುಳ್ಳು ಸುದ್ದಿ. ಆವೃತ್ತಿ ಏರಿದಂತೆ ಚಲನೆಯ ವೋಲ್ಟೇಜ್ ಇಳಿಯುತ್ತದೆ, ಸುಳ್ಳು ವೋಲ್ಟೇಜ್ ಏರುತ್ತದೆ. ಎಲ್ಲೋ ಒಂದು ಕಡೆ ಸುಳ್ಳೇ ಗೆಲ್ಲುತ್ತದೆ. ಪರೀಕ್ಷೆ ಸರಳ. ಮುಳ್ಳು ಹಿಡಿದ ತುಂಡನ್ನು ಅಲುಗದಂತೆ ಬಿಗಿದು, ಸಣ್ಣ ಸಂಕೇತ ಕೊಟ್ಟು, ಮಂದ್ರದಿಂದ ತಾರಕ್ಕೆ ಏರಿಸುತ್ತ ಫೀಡ್‌ಬ್ಯಾಕ್ ಕಾಯಿಲಿನ ವೋಲ್ಟೇಜ್ ನೋಡಬೇಕು. ಚಲನೆ ಇಲ್ಲದಾಗಲೂ ಬರುವುದೆಲ್ಲ ಸುಳ್ಳು. ಎರಡು ಕಾಯಿಲ್‌ಗಳ ಅಂತರ ಹೆಚ್ಚಿಸುವುದು, ನಡುವೆ ತಾಮ್ರದ ಬಳೆ ತೊಡಿಸುವುದು, ಸುಳ್ಳಿಗೆ ಸಮನಾದ ವಿರುದ್ಧ ವೋಲ್ಟೇಜ್ ಕೊಡುವ ಸ್ಥಿರ ಕಾಯಿಲೊಂದನ್ನು ಸರಣಿಯಲ್ಲಿ ಸೇರಿಸುವುದು, ಇವು ದಾರಿಗಳು. ಆಮೇಲೆ ಫೀಡ್‌ಬ್ಯಾಕನ್ನು ಅನುರಣನದ ಆಸುಪಾಸಿನಲ್ಲಿ ದಂಡಿಯಾಗಿ, ತುದಿಗಳಲ್ಲಿ ಮಿತವಾಗಿ ಹಾಕಬೇಕು. ಇಷ್ಟಾದರೂ ಒಂದು ದಿನ ಅದು ಊಳಿಡುತ್ತದೆ, ಕ್ಷಣಾರ್ಧದಲ್ಲಿ ಕಾಯಿಲ್ ಕಪ್ಪಾಗುತ್ತದೆ ಎಂಬ ಆಕ್ಷೇಪ ನಿಜವೇ. ಉತ್ತರ ಬೇಗ ಉರಿಯುವ ಫ್ಯೂಸ್. ಹೆಸರಾಂತ ಸ್ಟುಡಿಯೊಗಳೂ ಇಂಥ ರಕ್ಷಣೆ ಇಲ್ಲದೆ ಹೆಡ್ ಓಡಿಸಿದ್ದಿಲ್ಲ.

ನನ್ನ ವಾದದ ಮಿತಿಯನ್ನೂ ಹೇಳಬೇಕು. ಫೀಡ್‌ಬ್ಯಾಕ್ ಕಾಯಿಲ್ ತಾನಿರುವ ಜಾಗದ ಸುದ್ದಿ ಹೇಳುತ್ತದೆ, ಗೀರಿನ ಸುದ್ದಿ ಹೇಳುವುದಿಲ್ಲ. ಅರವತ್ತರ ದಶಕದ ಆರಂಭದಲ್ಲಿ ದೊಡ್ಡ ಪ್ರಯೋಗಾಲಯಗಳೇ ಇದರಿಂದ ಪೇಚಿಗೆ ಬಿದ್ದವು. ಲ್ಯಾಕರ್ ಮೆತ್ತನೆಯ ಪದಾರ್ಥ. ಮುಳ್ಳು ದಾಟಿಹೋದ ಮೇಲೆ ಅದು ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ. ಇದರಿಂದ ಹೆಡ್ಡನ್ನು ಇಟ್ಟ ಕೋನ ಒಂದು, ಗೀರಿನಲ್ಲಿ ಮೂಡಿದ ಮೇಲೆ-ಕೆಳಗಿನ ಚಲನೆಯ ಕೋನ ಇನ್ನೊಂದು ಆಗಿ, ನುಡಿಸುವಾಗ ಅಪಸ್ವರ ಬರುತ್ತಿತ್ತು. ಹೆಡ್ ಪ್ರಾಮಾಣಿಕವಾಗಿತ್ತು, ತಟ್ಟೆ ಆಗಿರಲಿಲ್ಲ. ಹಾಗಾಗಿ ಕೊರೆದದ್ದನ್ನು ಒಳ್ಳೆಯ ಕಾರ್ಟ್ರಿಜ್ಜಿನಿಂದ ನುಡಿಸಿ ಅಳೆಯುವ ಎರಡನೆಯ ಅಳತೆ ಬೇಕೇ ಬೇಕು. ವಜ್ರದ ಮುಳ್ಳಿನಿಂದ ಪ್ಲಾಸ್ಟಿಕ್ಕನ್ನು ಕೊರೆಯದೆ ಒತ್ತಿ ಗೀರು ಮೂಡಿಸುವವರಿಗೆ ಇದು ಇನ್ನೂ ಅಗತ್ಯ: ಅಲ್ಲಿ ಕೊರೆತದ ಎಳೆ ಏಳುವುದಿಲ್ಲ, ಪದಾರ್ಥ ಪಕ್ಕಕ್ಕೆ ಉಬ್ಬುತ್ತದೆ, ಪುಟಿತವೂ ಹೆಚ್ಚು. ಪ್ಲಾಸ್ಟಿಕ್ ತಟ್ಟೆ ಲ್ಯಾಕರಿಗಿಂತ ಬಾಳಿಕೆ ಬರುತ್ತದೆ ಎಂಬುದು ಅದರ ದೊಡ್ಡ ಗುಣ, ಅಲ್ಲಗಳೆಯುವಂತಿಲ್ಲ. ಆದರೆ ಅಲ್ಲಿ ತಾರಸ್ವರ ಉಳಿಸಿಕೊಳ್ಳುವುದು ಲ್ಯಾಕರಿಗಿಂತ ಕಷ್ಟ. ಇದನ್ನು ಹೇಳದೆ ಮಾರುವವರ ಮಾತು ನಂಬಬೇಡಿ.

ಇಷ್ಟೆಲ್ಲ ಯಾಕೆ, ಸಿದ್ಧ ಯಂತ್ರ ಕೊಳ್ಳಬಾರದೇ ಎಂಬುದು ಕೊನೆಯ ಆಕ್ಷೇಪ. ಮೋಜಿಗೆ ಒಂದು ಹಾಡು ಕೊರೆಯಬೇಕಿದ್ದರೆ ಜಪಾನಿನ ಗಕ್ಕೆನ್ ಕಂಪನಿಯ ಆಟಿಕೆ ಕೊರೆಯಂತ್ರ ಸಾಕು. ಅದು ಮಾನೊ, ಅದರ ದನಿ ಆಟಿಕೆಯ ದನಿ. ಸ್ಟೀರಿಯೊ ಕೊರೆಯುವ ಸಣ್ಣ ಯಂತ್ರಗಳನ್ನು ಯುರೋಪಿನ ಒಂದಿಬ್ಬರು ತಯಾರಕರು ಮಾಡಿ ಕೊಟ್ಟಿದ್ದಾರೆ, ದುಡಿಯುವ ಯಂತ್ರ ಬೇಕಾದವರಿಗೆ ಅದೇ ಸರಿ. ಮನೆಯಲ್ಲಿ ಕಟ್ಟಿದ ಹೆಡ್ ಎಸ್ಎಕ್ಸ್-74ರ ಜೋರಿಗೆ, ಪ್ರತಿದಿನದ ದುಡಿಮೆಗೆ ನಿಲ್ಲುವುದಿಲ್ಲ. ನಿಲ್ಲುತ್ತದೆ ಎಂದು ಹೇಳುವುದು ಉತ್ಪ್ರೇಕ್ಷೆ. ಆದರೆ ಅರ್ಧ ವೇಗದಲ್ಲಿ, ಸ್ಟುಡಿಯೊ ಮಟ್ಟಕ್ಕಿಂತ ಕೆಲವು ಡೆಸಿಬೆಲ್ ಕೆಳಗೆ ಕೊರೆಯುವ, ಅಳತೆಯುಳ್ಳ ಸ್ಟೀರಿಯೊ ಹೆಡ್ ಒಬ್ಬನ ಕೈಗೆ ಎಟುಕುವ ಕೆಲಸ. ಎಟುಕದ್ದು ಅಳತೆಯಿಲ್ಲದ ಹೆಡ್, ಅದು ಎಷ್ಟೇ ವ್ಯಾಟ್ ಕುಡಿಯಲಿ.

ಕೈಹಾಕುವವರಿಗೆ ಒಂದು ಮಾತು. ಎರಡು ಚಾನೆಲ್‌ಗಳನ್ನು ಒಟ್ಟಿಗೆ ಶುರುಮಾಡಬೇಡಿ. ಒಂದೇ ಕಾಯಿಲ್, ಒಂದೇ ಕಡ್ಡಿ, ಅದರ ಮೇಲೆ ಫೀಡ್‌ಬ್ಯಾಕ್ ಕಾಯಿಲ್. ಮುಳ್ಳು ಬಿಗಿದು ಸುಳ್ಳು ವೋಲ್ಟೇಜ್ ಅಳೆಯಿರಿ, ಅದು ಚಲನೆಯ ವೋಲ್ಟೇಜಿಗಿಂತ ತೀರಾ ಕೆಳಗೆ ಇಳಿಯುವವರೆಗೆ ಎರಡನೆಯ ಚಾನೆಲ್ ಕಟ್ಟಬೇಡಿ, ಲ್ಯಾಕರ್ ತಟ್ಟೆಗೆ ಹಣ ಸುರಿಯಬೇಡಿ. ತಟ್ಟೆ ತಂದ ದಿನದಿಂದ ಇನ್ನೊಂದು ಎಚ್ಚರ: ಲ್ಯಾಕರ್ ಎಂದರೆ ನೈಟ್ರೊಸೆಲ್ಯುಲೋಸ್, ಕೊರೆದಾಗ ಏಳುವ ಕೂದಲೆಳೆ ಕಿಡಿ ತಾಗಿದರೆ ಭುಗ್ಗೆಂದು ಉರಿಯುತ್ತದೆ. ಮುಳ್ಳನ್ನು ಬಿಸಿಮಾಡುವ ತಂತಿಯ ಹತ್ತಿರ ಅದನ್ನು ಗುಡ್ಡೆ ಹಾಕಬಾರದು. ಹೀರಿ ತೆಗೆದ ಎಳೆ ನೀರು ತುಂಬಿದ ಜಾಡಿಗೆ ಬೀಳಬೇಕು.